‘ಸುಮ್ಮನೆ ಕೂತಿರಿ’ ಎಂಬ ದಯೆ

ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ ಎಂದು ನಮ್ಮಲ್ಲಿ ಒಂದು ಗಾದೆಯುಂಟು. ಕೆಲಸಕ್ಕೆ ಹೊರಟು ತಪ್ಪಿದವನ ಬೆನ್ನು ತಟ್ಟುವುದಕ್ಕೆಂದು ಹುಟ್ಟಿದ ಮಾತು ಅದು. ನಡೆದೆ, ಆದ್ದರಿಂದ ಎಡವಿದೆ. ಅದಕ್ಕೆ ನಾಚಬೇಡ, ಎದ್ದು ಮತ್ತೆ ನಡೆ ಎಂಬುದು ಅದರ ತಿರುಳು. ಆದರೆ ಅರವತ್ತು ಎಪ್ಪತ್ತು ದಾಟಿದವರ ವಿಷಯಕ್ಕೆ ಬಂದಾಗ ನಾವು ಆ ಗಾದೆಯನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಕುಳಿತವರು ಎಡವುವುದಿಲ್ಲವಷ್ಟೆ? ಹಾಗಾದರೆ ಇವರನ್ನು ಕೂರಿಸಿಬಿಡೋಣ ಎಂಬುದು ನಮ್ಮ ತೀರ್ಮಾನ. “ಅಪ್ಪಾ, ನೀವು ಯಾಕೆ ಅಡಿಗೆಮನೆಗೆ ಬಂದಿರಿ? ಬೇಕಾದ್ದನ್ನು ಕೇಳಿದರೆ ತಂದುಕೊಡುವುದಿಲ್ಲವೆ? ಸುಮ್ಮನೆ ಕೂತಿರಿ.” “ಅಮ್ಮಾ, ದೇವಸ್ಥಾನಕ್ಕೆ ಒಬ್ಬಳೇ ಏಕೆ ಹೋಗುತ್ತೀಯ? ಮಂಗಳಾರತಿಯನ್ನು ಟಿ.ವಿ.ಯಲ್ಲೇ ತೋರಿಸುತ್ತಾರೆ, ಸುಮ್ಮನೆ ಕೂತಿರು.” ನಗರದ ಮಧ್ಯಮವರ್ಗದ ಮನೆಗಳಲ್ಲಿ ಈ ಮಾತು ದಿನಕ್ಕೆ ಎಷ್ಟು ಸಲ ಕೇಳಿಬರುತ್ತದೆಂಬುದನ್ನು ಓದುಗರೇ ಎಣಿಸಿ ನೋಡಬಹುದು. ಆಡುವವರ ಮನಸ್ಸಿನಲ್ಲಿ ಕೇಡಿಲ್ಲ, ದಯೆಯೇ ಇದೆ.

ಆ ದಯೆಯನ್ನು ಕುರಿತು ನಾಲ್ಕು ನಿಷ್ಠುರದ ಮಾತನ್ನಾಡುವುದು ಈ ಲೇಖನದ ಉದ್ದೇಶ. ವೃದ್ಧರು ಬೀಳುವುದು ವಿಧಿಯಲ್ಲ. ಅದರಲ್ಲಿ ಬಹುಪಾಲು ನಮ್ಮ ಕೈಯಾರೆ ನಾವು ಮಾಡಿಟ್ಟ ಅನಾಹುತ. ಅವರನ್ನು ಕೂರಿಸಿ ಇಡುವುದು ಅದಕ್ಕೆ ಪರಿಹಾರವಲ್ಲ. ಅದನ್ನು ಮನೆಗೆ ಕರೆತರುವ ದಾರಿ. ಇದು ನನ್ನ ವಾದ. ಒಪ್ಪದವರು ಕೊನೆಯತನಕ ಓದಿ ಆಮೇಲೆ ಜಗಳಕ್ಕೆ ಬರಬಹುದು.

ಮೊದಲು ವಿಷಯದ ಗಾತ್ರವನ್ನು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದ ಆಗುವ ಮರಣಗಳಲ್ಲಿ ರಸ್ತೆ ಅಪಘಾತವನ್ನು ಬಿಟ್ಟರೆ ಮುಂದಿನ ಸ್ಥಾನ ಇದಕ್ಕೇ. ಸಾಯುವವರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ನಮ್ಮಂತಹ ಮಧ್ಯಮ ಮತ್ತು ಕಡಮೆ ವರಮಾನದ ದೇಶಗಳವರು. ವಯಸ್ಸಿನ ಲೆಕ್ಕ ಹಿಡಿದರೆ 60 ದಾಟಿದವರದೇ ದೊಡ್ಡ ಪಾಲು. ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಮೇರಿ ಟಿನೆಟ್ಟಿ ಎಂಬ ವೈದ್ಯೆಯೂ ಅವರ ಸಂಗಡಿಗರೂ ತಮ್ಮ ತಮ್ಮ ಮನೆಗಳಲ್ಲಿ ವಾಸವಾಗಿದ್ದ, 75 ದಾಟಿದ 336 ಮಂದಿಯನ್ನು ಒಂದು ವರ್ಷ ಗಮನಿಸಿ 1988ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ 32 ಮಂದಿ ಆ ಒಂದು ವರ್ಷದಲ್ಲಿ ಒಮ್ಮೆಯಾದರೂ ಬಿದ್ದಿದ್ದರು. ಅಂದರೆ ಮೂವರಲ್ಲಿ ಹೆಚ್ಚುಕಡಮೆ ಒಬ್ಬರು. ನಮ್ಮ ದೇಶದಲ್ಲಿ 2011ರ ಜನಗಣತಿಯ ಹೊತ್ತಿಗೇ 60 ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. 2050ರ ವೇಳೆಗೆ ಐವರು ಭಾರತೀಯರಲ್ಲಿ ಒಬ್ಬರು 60 ದಾಟಿದವರಾಗಿರುತ್ತಾರೆಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿ ಹೇಳುತ್ತದೆ.

ಇಷ್ಟಾದರೂ ಇದು ಸುದ್ದಿಯಲ್ಲ. ಬಸ್ಸು ಮಗುಚಿದರೆ ಪತ್ರಿಕೆಯಲ್ಲಿ ಚಿತ್ರಸಹಿತ ಬರುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದು, ಮೂರು ತಿಂಗಳು ಮಲಗಿ, ಶ್ವಾಸಕೋಶಕ್ಕೆ ಸೋಂಕು ತಗಲಿ ತೀರಿಕೊಂಡವರಿಗೆ “ಅಲ್ಪಕಾಲದ ಅಸ್ವಾಸ್ಥ್ಯದ ನಂತರ ದೈವಾಧೀನರಾದರು” ಎಂಬ ಒಂದು ಸಾಲು ಸಿಕ್ಕಿದರೆ ಹೆಚ್ಚು. ದೊಡ್ಡವರು ಬಿದ್ದಾಗ ಮಾತ್ರ ನಮಗೆ ಗೊತ್ತಾಗುತ್ತದೆ. ತೆಲಂಗಾಣದ ಮುಖ್ಯಮಂತ್ರಿಯಾಗಿದ್ದ ಕೆ. ಚಂದ್ರಶೇಖರ ರಾಯರು 2023ರ ಡಿಸೆಂಬರಿನಲ್ಲಿ ತಮ್ಮ ತೋಟದ ಮನೆಯಲ್ಲಿ ಬಿದ್ದು ಸೊಂಟದ ಕೀಲು ಮುರಿದುಕೊಂಡರು. ಮರುವರ್ಷ ಅದೇ ತಿಂಗಳಲ್ಲಿ ಅಮೆರಿಕದ ನ್ಯಾನ್ಸಿ ಪೆಲೋಸಿ, ತಮ್ಮ 84ನೆಯ ವಯಸ್ಸಿನಲ್ಲಿ, ಲಕ್ಸೆಂಬರ್ಗಿನ ಮೆಟ್ಟಿಲ ಮೇಲೆ ಬಿದ್ದರು. ಇಬ್ಬರಿಗೂ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆಯಾಯಿತು. ಇಬ್ಬರೂ ಎದ್ದು ಓಡಾಡಿದರು. ಪಹರೆ, ಪರಿವಾರ, ವೈದ್ಯರು ಎಲ್ಲ ಇದ್ದವರಿಗೂ ಕಾಲು ಜಾರುವುದು ತಪ್ಪಲಿಲ್ಲ ಎಂಬುದು ಇದರಲ್ಲಿ ಒಂದು ಪಾಠ. ಬಿದ್ದವರನ್ನು ತಡಮಾಡದೆ ನೋಡಿಕೊಂಡರೆ ಮತ್ತೆ ನಡೆಸಬಹುದು ಎಂಬುದು ಇನ್ನೊಂದು. ನಮ್ಮ ಬೀದಿಯ ನಿವೃತ್ತ ಗುಮಾಸ್ತರಿಗೂ ಶಾಲಾ ಉಪಾಧ್ಯಾಯಿನಿಗೂ ಸಿಕ್ಕದೆ ಹೋಗುವುದು ಈ ಎರಡನೆಯದು.

‘ಸೊಂಟ ಮುರಿಯಿತು’ ಎಂದು ನಾವು ಹೇಳುವಾಗ ಸಾಮಾನ್ಯವಾಗಿ ಮುರಿದಿರುವುದು ತೊಡೆಯ ಮೂಳೆ. ಅದು ಸೊಂಟವನ್ನು ಸೇರುವೆಡೆಯ ಸಣ್ಣ ಕತ್ತು. ಬಿದ್ದವರ ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿಕೊಂಡಿದ್ದರೆ ಹೆಚ್ಚುಕಡಮೆ ಅದೇ ಎಂದು ತಿಳಿಯಬೇಕು. ಇದಕ್ಕೆ ಎಣ್ಣೆ ತಿಕ್ಕಿ ಪಟ್ಟಿ ಕಟ್ಟುವುದರಿಂದ ಪ್ರಯೋಜನವಿಲ್ಲ; ‘ನಾಲ್ಕು ದಿನ ನೋಡೋಣ’ ಎಂಬುದರಿಂದ ಕೇಡೇ ಹೆಚ್ಚು. 48 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾಗಬೇಕು, ಆದಷ್ಟು ಬೇಗ ರೋಗಿಯನ್ನು ಎಬ್ಬಿಸಿ ನಿಲ್ಲಿಸಬೇಕು ಎಂಬುದು ಇಂದಿನ ವೈದ್ಯರ ಮತ. ಮಲಗಿದಷ್ಟೂ ದಿನ ಬೆನ್ನಿಗೆ ಹುಣ್ಣು, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಎದೆಯಲ್ಲಿ ಕಫ ಕಾದಿರುತ್ತವೆ. ಹೀಗೆ ಮುರಿದುಕೊಂಡ ವೃದ್ಧರಲ್ಲಿ ಐವರಿಗೆ ಒಬ್ಬರಾದರೂ ವರ್ಷ ತಿರುಗುವುದರೊಳಗೆ ತೀರಿಕೊಳ್ಳುತ್ತಾರೆಂಬುದು ಹಲವು ದೇಶಗಳ ಅನುಭವ. ಉಳಿದವರಲ್ಲಿ ಬಹು ಮಂದಿ ಮೊದಲಿನಂತೆ ನಡೆಯುವುದೇ ಇಲ್ಲ.

ಮೂಳೆ ಮುರಿಯದಿದ್ದರೆ ಗಂಡಾಂತರ ಕಳೆಯಿತೆಂದಲ್ಲ. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗಿ ಅದಕ್ಕೂ ತಲೆಬುರುಡೆಗೂ ನಡುವೆ ಜಾಗ ಹೆಚ್ಚಾಗುತ್ತದೆ. ಅಲ್ಲಿನ ಸಣ್ಣ ರಕ್ತನಾಳ ಹರಿದರೆ ರಕ್ತ ತೊಟ್ಟುತೊಟ್ಟಾಗಿ ಸೇರಿ ವಾರಗಳ ಮೇಲೆ ಮಿದುಳನ್ನು ಒತ್ತಬಹುದು. ರಕ್ತ ತೆಳುಮಾಡುವ ಮಾತ್ರೆ ನುಂಗುವವರಲ್ಲಿ ಈ ಭಯ ಇನ್ನೂ ಹೆಚ್ಚು. ತಲೆ ಗೋಡೆಗೆ ತಗಲಿದ್ದನ್ನು ಮನೆಯವರು ಅಷ್ಟರಲ್ಲಿ ಮರೆತಿರುತ್ತಾರೆ. ಹಿರಿಯರು ತೂಕಡಿಸತೊಡಗಿದರೆ, ಮಾತು ತಪ್ಪಿದರೆ, ‘ಅರವತ್ತಕ್ಕೆ ಅರಳುಮರಳು’ ಎಂದು ಗಾದೆ ಹೇಳಿ ಸುಮ್ಮನಾಗುತ್ತಾರೆ. ಸಕಾಲದಲ್ಲಿ ಗುರುತಿಸಿದರೆ ಅನೇಕ ವೇಳೆ ಒಂದು ಸಣ್ಣ ಶಸ್ತ್ರಚಿಕಿತ್ಸೆಯಿಂದ ವಾಸಿಯಾಗಬಲ್ಲ ಕಾಯಿಲೆಗೆ ನಾವು ಗಾದೆಯ ಔಷಧ ಕೊಡುತ್ತೇವೆ!

ಬಿದ್ದು ಏಳಲಾರದೆ ನೆಲದ ಮೇಲೆಯೇ ಉಳಿಯುವವರ ಕಥೆ ಬೇರೆ. ಬಿದ್ದ ಮೇಲೆ ಒಂದು ಗಂಟೆಗಿಂತ ಹೆಚ್ಚು ಕಾಲ ನೆಲದ ಮೇಲೆಯೇ ಬಿದ್ದಿದ್ದ ವೃದ್ಧರಲ್ಲಿ ಅರ್ಧದಷ್ಟು ಮಂದಿ ಆರು ತಿಂಗಳೊಳಗೆ ತೀರಿಕೊಂಡಿದ್ದರೆಂದು ವೃದ್ಧವೈದ್ಯ ಬರ್ನಾರ್ಡ್ ಐಸಾಕ್ಸರೂ ಅವರ ಜೊತೆಗಾರರೂ 1981ರಲ್ಲಿ ಬ್ರಿಟನ್ನಿನಲ್ಲಿ ವರದಿ ಮಾಡಿದರು. ಅಂಥವರಲ್ಲಿ ಗಾಯವೇ ಆಗದವರೂ ಇದ್ದರು. ಏಳುವುದಕ್ಕೆ ಬೇಕಾದ ಶಕ್ತಿ ಕಾಲಿನಲ್ಲಿ ಉಳಿದಿತ್ತೇ ಇಲ್ಲವೇ ಎಂಬುದು ಮುಖ್ಯವಾದ ಪ್ರಶ್ನೆ. ‘ಸುಮ್ಮನೆ ಕೂತಿರಿ’ ಎಂಬ ಮಾತಿನ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಮನುಷ್ಯ ನೆಟ್ಟಗೆ ನಿಲ್ಲುವುದು ಸಾಮಾನ್ಯ ಸಂಗತಿಯಲ್ಲ. ಕಣ್ಣು ಸುತ್ತಲನ್ನು ಹೇಳಬೇಕು, ಒಳಕಿವಿ ತಲೆಯ ಓಲಾಟವನ್ನು ಹೇಳಬೇಕು, ಪಾದ ನೆಲದ ಏರುತಗ್ಗನ್ನು ಹೇಳಬೇಕು. ಈ ಮೂರು ವರದಿಗಳನ್ನೂ ಕೂಡಿಸಿ ಮಿದುಳು ಕಾಲಿಗೆ ಅಪ್ಪಣೆ ಕೊಡಬೇಕು. ಕಾಲಿನ ಮಾಂಸಖಂಡ ಕ್ಷಣಾರ್ಧದಲ್ಲಿ ಅದನ್ನು ನಡೆಸಬೇಕು. ಮುಪ್ಪಿನಲ್ಲಿ ಇವೆಲ್ಲವೂ ಸ್ವಲ್ಪ ಸ್ವಲ್ಪ ಮಂದವಾಗುತ್ತವೆ. ಸಕ್ಕರೆ ಕಾಯಿಲೆಯವರ ಪಾದಕ್ಕೆ ನೆಲದ ಸುಳಿವೇ ಸರಿಯಾಗಿ ಸಿಕ್ಕುವುದಿಲ್ಲ. ಆದರೆ ಇವುಗಳಲ್ಲಿ ಮಾಂಸಖಂಡವನ್ನೂ ಸಮತೋಲವನ್ನೂ ಅಭ್ಯಾಸದಿಂದ ಉಳಿಸಿಕೊಳ್ಳಬಹುದು, ಅಭ್ಯಾಸ ತಪ್ಪಿಸಿ ಕಳೆದುಕೊಳ್ಳಲೂಬಹುದು. ಕಳೆದುಕೊಳ್ಳುವುದು ಎಷ್ಟು ಬೇಗ ಎಂಬುದನ್ನು ಅಮೆರಿಕದ ಒಂದು ಪ್ರಯೋಗ ತೋರಿಸಿಕೊಟ್ಟಿತು. ಆರೋಗ್ಯವಾಗಿದ್ದ ಕೆಲವು ಹಿರಿಯರನ್ನು ಬರಿದೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ಅಳೆದಾಗ, ಕಾಲುಗಳೊಳಗಿನ ಮಾಂಸ ಒಂದು ಕಿಲೋಗ್ರಾಮಿನ ಹತ್ತಿರ ಹತ್ತಿರ ಕರಗಿಹೋಗಿತ್ತು. 2007ರಲ್ಲಿ ಪ್ರಕಟವಾದ ಸಂಗತಿ ಇದು. ಹತ್ತು ದಿನಕ್ಕೆ ಅಷ್ಟಾದರೆ, ಹತ್ತು ವರ್ಷ ಸೋಫಾದ ಮೇಲೆ ಕೂರಿಸಿದವರ ಕಾಲಿನಲ್ಲಿ ಏನು ಉಳಿದೀತು? ಅಂಥ ಕಾಲುಗಳ ಮೇಲೆ ಅವರು ರಾತ್ರಿ ಎರಡು ಗಂಟೆಗೆ ಕತ್ತಲಲ್ಲಿ ಬಚ್ಚಲಿಗೆ ಹೋಗಬೇಕು. ಆಗ ತಂದುಕೊಡುವವರು ಯಾರೂ ಎದ್ದಿರುವುದಿಲ್ಲ.

ಒಮ್ಮೆ ಬಿದ್ದವರಿಗೆ ಭಯ ಹಿಡಿಯುತ್ತದೆ. ಭಯದಿಂದ ನಡೆಯುವುದನ್ನು ಬಿಡುತ್ತಾರೆ. ಬಿಟ್ಟದ್ದರಿಂದ ಕಾಲು ಸೋಲುತ್ತದೆ. ಸೋತದ್ದರಿಂದ ಮತ್ತೆ ಬೀಳುತ್ತಾರೆ. ಈ ಗಾಣಕ್ಕೆ ನಾವು ಕಟ್ಟಿದ ನೊಗದ ಹೆಸರು ದಯೆ.

ಇನ್ನು ಮನೆಯ ಕಡೆ ಬರೋಣ. ಸ್ವಾತಂತ್ರ್ಯ ಬಂದ ಕಾಲದಲ್ಲಿ ಈ ದೇಶದವರ ಸರಾಸರಿ ಆಯುಷ್ಯ 32 ವರ್ಷದ ಆಸುಪಾಸಿನಲ್ಲಿತ್ತು; ಈಗ ಅದು 70ರ ಆಸುಪಾಸಿಗೆ ಬಂದಿದೆ. ಆಯುಷ್ಯವನ್ನು ಹೀಗೆ ಇಮ್ಮಡಿ ಮಾಡಿಕೊಂಡ ಜನ ಆ ಆಯುಷ್ಯ ಕಳೆಯುವುದಕ್ಕೆ ಕಟ್ಟಿಕೊಂಡ ಮನೆ ಎಂಥದು? ನೆಲಕ್ಕೆ ಮುಖ ಕಾಣುವಷ್ಟು ನುಣುಪಾದ ಗ್ರಾನೈಟು, ಇಲ್ಲವೆ ಹೊಳೆಯುವ ಟೈಲು. ಬಚ್ಚಲಿನ ಗೋಡೆಗೆ ಬಳ್ಳಿ ಹೂವಿನ ಚಿತ್ತಾರ. ಹಿಡಿದುಕೊಳ್ಳುವುದಕ್ಕೆ ಒಂದು ಕಂಬಿಯಿಲ್ಲ. ಬಟ್ಟೆ ನೇತುಹಾಕುವ ತೆಳುವಾದ ಸರಳೊಂದಿರುತ್ತದೆ. ಜಾರಿದವರು ಅದನ್ನೇ ಹಿಡಿಯುತ್ತಾರೆ, ಅದು ಗೋಡೆಯಿಂದ ಕಿತ್ತು ಅವರ ಜೊತೆಗೇ ಕೆಳಕ್ಕೆ ಬರುತ್ತದೆ. ನಡುಮನೆಗೂ ಬಚ್ಚಲಿಗೂ ನಡುವೆ ಎರಡಂಗುಲದ ಒಂದು ಹೊಸ್ತಿಲು. ಅದಕ್ಕೂ ನೆಲಕ್ಕೂ ಒಂದೇ ಬಣ್ಣ. ಹಬ್ಬದ ದಿನ ಎಣ್ಣೆ ಹಚ್ಚಿಕೊಂಡ ಕಾಲಿನಲ್ಲಿ ಈ ನೆಲದ ಮೇಲೆ ನಿಲ್ಲುವುದೆಂದರೆ ದೊಂಬರಾಟ. ಹಳೆಯ ಕಾಲದ ಬಚ್ಚಲನ್ನು ನಾನು ಹೊಗಳುತ್ತಿಲ್ಲ. ಅಲ್ಲಿಯೂ ಹೊಗೆ, ಕತ್ತಲೆ, ಪಾಚಿ ಇದ್ದವು. ಆದರೆ ಒರಟು ಚಪ್ಪಡಿಯನ್ನು ಬಿಟ್ಟು ನುಣುಪು ಟೈಲಿಗೆ ಬಂದದ್ದನ್ನು ಪ್ರಗತಿಯೆಂದು ಕರೆಯುವ ಮೊದಲು, ಪ್ರಗತಿ ಯಾರ ಕಾಲಿಗೆ ಎಂದು ಕೇಳಬೇಕಾಗಿತ್ತು.

ಮೆಟ್ಟಿಲನ್ನು ನೋಡಿ. ವಾಸದ ಮನೆಯಲ್ಲಿ ಒಂದೊಂದು ಮೆಟ್ಟಿಲೂ 190 ಮಿಲಿಮೀಟರಿಗಿಂತ ಎತ್ತರವಿರಬಾರದು, ಕಾಲಿಡುವ ಅಗಲ 250 ಮಿಲಿಮೀಟರಿಗೆ ಕಡಮೆಯಾಗಬಾರದು ಎಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಮೂವತ್ತು ನಲವತ್ತಡಿ ನಿವೇಶನದಲ್ಲಿ ಮೂರಂತಸ್ತು ಎಬ್ಬಿಸುವ ನಮ್ಮ ನಗರಗಳಲ್ಲಿ ಈ ಅಳತೆಗೆ ಒಳಪಟ್ಟ ಮೆಟ್ಟಿಲುಗಳೆಷ್ಟು? ಬಾಡಿಗೆ ಬರುವ ಕೋಣೆಗೆ ಜಾಗ ಬೇಕು. ಅದಕ್ಕಾಗಿ ಮೆಟ್ಟಿಲು ಏಣಿಯಂತೆ ಕಡಿದಾಗುತ್ತದೆ. ಕೊನೆಯ ಮೆಟ್ಟಿಲು ಉಳಿದವುಗಳಿಗಿಂತ ಒಂದಂಗುಲ ಹೆಚ್ಚೋ ಕಡಮೆಯೋ ಇರುತ್ತದೆ. ಕಾಲು ಒಂದೇ ಅಳತೆಗೆ ಹೊಂದಿಕೊಂಡು ಇಳಿಯುತ್ತಿರುವಾಗ ಈ ಒಂದಂಗುಲವೇ ಸಾಕು. ಬೈಫೋಕಲ್ ಕನ್ನಡಕದವರಿಗಂತೂ ಕೆಳಗೆ ನೋಡಿದಾಗ ಮೆಟ್ಟಿಲ ಅಂಚು ಮಸುಕಾಗಿ ಕಾಣುತ್ತದೆ; ಕನ್ನಡಕದ ಆ ಭಾಗ ಇರುವುದು ಓದುವುದಕ್ಕೆ, ಇಳಿಯುವುದಕ್ಕಲ್ಲ.

ಹೆಂಗಸರ ಪಾಡನ್ನು ಪ್ರತ್ಯೇಕವಾಗಿ ಹೇಳಬೇಕು. ಮುಟ್ಟು ನಿಂತ ಮೇಲೆ ಅವರ ಮೂಳೆಗಳು ಗಂಡಸರ ಮೂಳೆಗಳಿಗಿಂತ ಬೇಗ ಸವೆಯುತ್ತವೆ. ಗಂಡಸು ತರಚುಗಾಯದಿಂದ ಪಾರಾಗುವ ಕಡೆ ಹೆಂಗಸಿನ ಮಣಿಕಟ್ಟು, ಬೆನ್ನುಹುರಿಯ ಮಣಿ, ತೊಡೆಮೂಳೆ ಮುರಿಯುತ್ತವೆ. ಆದರೂ ನವರಾತ್ರಿ ಬಂತೆಂದರೆ ಅಟ್ಟದ ಮೇಲಿನ ಬೊಂಬೆಯ ಪೆಟ್ಟಿಗೆಯನ್ನು ಇಳಿಸುವುದಕ್ಕೆ ಸ್ಟೂಲು ಹತ್ತುವವರು ಅವರೇ. ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ತಾರಸಿಗೆ ಏರುವವರು ಅವರೇ. ಮಕ್ಕಳ ನಿದ್ದೆ ಕೆಟ್ಟೀತೆಂದು ರಾತ್ರಿ ದೀಪ ಹಾಕದೆ ತಡಕಾಡಿಕೊಂಡು ನಡೆಯುವವರೂ ಅವರೇ. ‘ಸುಮ್ಮನೆ ಕೂತಿರು’ ಎಂಬ ಉಪದೇಶ ದೇವಸ್ಥಾನಕ್ಕೆ ಹೊರಟಾಗ ಮಾತ್ರ. ಅಟ್ಟ ಹತ್ತುವಾಗ ಅದು ಯಾರಿಗೂ ನೆನಪಾಗುವುದಿಲ್ಲ.

ವಿದೇಶದಲ್ಲಿರುವ ಮಕ್ಕಳು ಈಗ ಒಂದು ಹೊಸ ಉಪಾಯ ಕಂಡುಕೊಂಡಿದ್ದಾರೆ. ತಾಯಿತಂದೆಯರಿರುವ ಮನೆಯ ನಡುಮನೆಗೆ, ಊಟದ ಕೋಣೆಗೆ, ಬಾಗಿಲಿಗೆ ಕ್ಯಾಮೆರಾ ಇಡಿಸುತ್ತಾರೆ; ಏಳು ಸಮುದ್ರದಾಚೆಯಿಂದ ಫೋನಿನಲ್ಲಿ ನೋಡಿಕೊಳ್ಳುತ್ತಾರೆ. ಬೇಡವೆನ್ನುವುದಿಲ್ಲ. ಆದರೆ ಕ್ಯಾಮೆರಾ ಬಿದ್ದದ್ದನ್ನು ತೋರಿಸುತ್ತದೆ, ಬೀಳುವುದನ್ನು ತಡೆಯುವುದಿಲ್ಲ. ಬಚ್ಚಲಲ್ಲಂತೂ ಅದನ್ನು ಇಡುವಂತಿಲ್ಲ. ಅಲ್ಲಿ ಬೇಕಾದದ್ದು ಗೋಡೆಗೆ ಭದ್ರವಾಗಿ ಬಿಗಿದ ಒಂದು ಕಂಬಿ, ಜಾರದ ನೆಲ, ಕೂತು ಸ್ನಾನ ಮಾಡಲು ಒಂದು ಗಟ್ಟಿ ಪೀಠ, ರಾತ್ರಿಯೆಲ್ಲ ಉರಿಯುವ ಒಂದು ಸಣ್ಣ ದೀಪ, ಒಳಗಿನಿಂದ ಚಿಲಕ ಹಾಕಿದ್ದರೂ ಹೊರಗಿನಿಂದ ತೆಗೆಯಬರುವ ಬಾಗಿಲು. ಇವುಗಳನ್ನು ಮಾಡಿಸುವುದಕ್ಕೆ ಸಮುದ್ರ ದಾಟಿ ಬರಬೇಕಾಗಿಲ್ಲ. ಬಡಗಿಗೂ ಗಾರೆಯವನಿಗೂ ಒಂದು ದಿನದ ಕೂಲಿ ಕೊಟ್ಟರೆ ಸಾಕು.

ಮನೆಯಿಂದ ಹೊರಗೆ ಬಂದರೆ ಬೀದಿ. ಪಾದಚಾರಿ ಮಾರ್ಗದ ಅಂಚು 150 ಮಿಲಿಮೀಟರಿಗಿಂತ ಎತ್ತರವಿರಕೂಡದು, ಅಡ್ಡಿಯಿಲ್ಲದ ಅಗಲ ಕಡಮೆಯೆಂದರೂ 1.8 ಮೀಟರು ಇರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲೇ ಬರೆದಿಟ್ಟಿದೆ. ಬೆಂಗಳೂರಿನ ಯಾವುದಾದರೂ ಒಂದು ಬಡಾವಣೆಯಲ್ಲಿ ಅರ್ಧ ಮೈಲಿ ನಡೆದು ನೋಡಿ. ಮೊಣಕಾಲೆತ್ತರದ ಅಂಚು, ಚರಂಡಿಯ ಮೇಲೆ ಓಲಾಡುವ ಚಪ್ಪಡಿ, ಎರಡು ಚಪ್ಪಡಿಗಳ ನಡುವೆ ಕಾಲು ಸಿಕ್ಕಿಕೊಳ್ಳುವಷ್ಟು ಸಂದು, ವಿದ್ಯುತ್ ಪೆಟ್ಟಿಗೆ, ಅಂಗಡಿಯ ಬೋರ್ಡು, ನಿಲ್ಲಿಸಿದ ಸ್ಕೂಟರು, ಇವೆಲ್ಲ ಸಾಲದೆಂದು ಎದುರಿನಿಂದ ಅದೇ ದಾರಿಯಲ್ಲಿ ಬರುವ ಇನ್ನೊಂದು ಸ್ಕೂಟರು. ಪ್ರತಿಯೊಂದು ಮನೆಯವರೂ ತಮ್ಮ ಕಾರು ಸುಲಭವಾಗಿ ಒಳಕ್ಕೆ ಬರಲೆಂದು ಪಾದಚಾರಿ ಮಾರ್ಗವನ್ನೇ ಇಳಿಜಾರು ಮಾಡಿಕೊಂಡಿರುತ್ತಾರೆ. ನಗರಪಾಲಿಕೆಯನ್ನು ಬೈಯುವ ಮೊದಲು ಆ ಇಳಿಜಾರನ್ನು ಒಡೆಸುವವರು ಕೈ ಎತ್ತಲಿ!

ಇದು ನಮ್ಮಿಂದ ಆಗದ ಕೆಲಸವೂ ಅಲ್ಲ. ಟೆಂಡರ್ ಶ್ಯೂರ್ ಎಂಬ ಯೋಜನೆಯಲ್ಲಿ ವಿಠಲ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ ಮುಂತಾದ ಕೆಲವು ಕಡೆ ಅಗಲವಾದ, ಸಮತಟ್ಟಾದ ಪಾದಚಾರಿ ಮಾರ್ಗಗಳನ್ನು ಇದೇ ನಗರ ಕಟ್ಟಿ ತೋರಿಸಿತು. ಆದರೆ ವ್ಯಾಪಾರದ ನಡುಪೇಟೆಗೆ ಸಿಕ್ಕ ಭಾಗ್ಯ ಬಸವನಗುಡಿಗೂ ಮಲ್ಲೇಶ್ವರಕ್ಕೂ ಬೀದಿ ಬೀದಿಗೆ ಏಕೆ ಸಿಕ್ಕಬಾರದು? ಮುದುಕರು ದಿನವೂ ನಡೆಯುವುದು ಹಾಲಿನ ಅಂಗಡಿಗೆ, ಪಾರ್ಕಿಗೆ, ದೇವಸ್ಥಾನಕ್ಕೆ, ಬ್ಯಾಂಕಿಗೆ. ಅವರ ದಾರಿ ಅಲ್ಲಿದೆ.

ಮೂರನೆಯದು ವೈದ್ಯರ ಮಾತು. ಬಿದ್ದವರನ್ನು ಕರೆದುಕೊಂಡು ಹೋದರೆ ಗಾಯಕ್ಕೆ ಪಟ್ಟಿ ಕಟ್ಟಿ, ಎಕ್ಸ್‌ರೇ ನೋಡಿ, “ವಯಸ್ಸಾಯಿತಲ್ಲ, ಹುಷಾರಾಗಿರಿ” ಎಂದು ಕಳಿಸುವವರೇ ಹೆಚ್ಚು. ‘ಏಕೆ ಬಿದ್ದರು?’ ಎಂದು ಕೇಳುವವರು ಕಡಮೆ. ಕೇಳಬೇಕಾದ ಪ್ರಶ್ನೆಗಳು ಬಹಳವಿಲ್ಲ. ನಿದ್ದೆಯ ಮಾತ್ರೆ ನುಂಗುತ್ತಾರೆಯೆ? ರಕ್ತದೊತ್ತಡದ ಮಾತ್ರೆ ಹೆಚ್ಚಾಗಿ, ಮಲಗಿದ್ದವರು ಎದ್ದು ನಿಂತ ಕೂಡಲೆ ಒತ್ತಡ ಕುಸಿಯುತ್ತದೆಯೆ? ಮೂವರು ತಜ್ಞರು ಬರೆದುಕೊಟ್ಟ ಹತ್ತು ಮಾತ್ರೆಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಯಾರಾದರೂ ಇದ್ದಾರೆಯೆ? ಕಣ್ಣಿನಲ್ಲಿ ಪೊರೆ ಬೆಳೆದಿದೆಯೆ? ಬ್ರಿಟನ್ನಿನ ನಾಟಿಂಗ್‌ಹ್ಯಾಮಿನಲ್ಲಿ ಎಪ್ಪತ್ತು ದಾಟಿದ ಹೆಂಗಸರ ಮೇಲೆ ಒಂದು ಪ್ರಯೋಗ ನಡೆಯಿತು, 2005ರಲ್ಲಿ ಪ್ರಕಟವಾಯಿತು. ಮೊದಲ ಕಣ್ಣಿನ ಪೊರೆಯನ್ನು ತಡಮಾಡದೆ ತೆಗೆಸಿಕೊಂಡವರು, ಸರದಿಗಾಗಿ ಕಾಯುತ್ತಿದ್ದವರಿಗಿಂತ ಶೇಕಡ 34ರಷ್ಟು ಕಡಮೆ ಬಿದ್ದರು. ‘ಇನ್ನೂ ಪೊರೆ ಬಲಿಯಲಿ’ ಎಂದು ಮುಂದೂಡುವ ಮನೆಯವರು ಇದನ್ನು ಗಮನಿಸಬೇಕು.

ವೈದ್ಯರಿಲ್ಲದೆ ಮನೆಯಲ್ಲೇ ಮಾಡಿನೋಡಬಹುದಾದ ಪರೀಕ್ಷೆಯೂ ಒಂದುಂಟು. ಕುರ್ಚಿಯಿಂದ ಎದ್ದು, ಮೂರು ಮೀಟರು ನಡೆದು, ತಿರುಗಿ ಬಂದು, ಮತ್ತೆ ಕುರ್ಚಿಯಲ್ಲಿ ಕೂರಬೇಕು, ಎಂದಿನ ನಡಿಗೆಯಲ್ಲಿ. ಅದಕ್ಕೆ 12 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆಯೆಂದು ತಿಳಿಯಬೇಕು. ಹಾಗೆಂದು ಕುರ್ಚಿಯಲ್ಲೇ ಉಳಿಯಿರಿ ಎಂದಲ್ಲ. ಕಾಲಿಗೆ ಕೆಲಸ ಕೊಡಬೇಕಾದ ಕಾಲ ಬಂತು ಎಂದು.

ಕೆಲಸವೆಂದರೆ ಏನು? ಜಗತ್ತಿನ ನಾನಾ ಕಡೆ ನಡೆದ 108 ಪ್ರಯೋಗಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಇದೆ. ಅವುಗಳಲ್ಲಿ ಭಾಗವಹಿಸಿದವರು 23 ಸಾವಿರಕ್ಕೂ ಹೆಚ್ಚು. ಸರಿಯಾದ ವ್ಯಾಯಾಮದಿಂದ ಬೀಳುವ ಸಂದರ್ಭಗಳು ಶೇಕಡ 23ರಷ್ಟು ಕಡಮೆಯಾದುವೆಂಬುದು ಅದರ ತೀರ್ಮಾನ. ಸರಿಯಾದ್ದೆಂದರೆ ಸಮತೋಲವನ್ನು ಕಲಿಸುವಂಥದು: ಕೈಯೂರದೆ ಕುರ್ಚಿಯಿಂದ ಏಳುವುದು, ಅಡಿಗೆಮನೆಯ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಕುವಂತೆ ಗೆರೆಯ ಮೇಲೆ ನಡೆಯುವುದು. ಪಾರ್ಕಿನಲ್ಲಿ ಚಪ್ಪಾಳೆ ತಟ್ಟಿ ನಗುವ ಸಂಘಗಳವರು ನಗುವಿನ ಜೊತೆಗೆ ಇದನ್ನೂ ಒಂದು ಕಾಲು ಗಂಟೆ ಮಾಡಿದರೆ ಮೂಳೆಗೂ ನಗು ಬರುತ್ತದೆ.

ಸರಕಾರವನ್ನು ಬಿಟ್ಟರೆ ಪಕ್ಷಪಾತವಾದೀತು. ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಶಾಸನವಾಯಿತು. ಪೋಷಣೆಯೆಂದರೆ ಅನ್ನ, ಬಟ್ಟೆ, ವಸತಿ, ವೈದ್ಯೋಪಚಾರ ಎಂದು ಅದು ವಿವರಿಸುತ್ತದೆ. ವಸತಿಯೆಂದರೆ ಮಾಡು ಎಂದು ನಾವು ಅರ್ಥಮಾಡಿದ್ದೇವೆ. ನೆಲವೂ ವಸತಿಯ ಭಾಗವೆಂದು ಯಾರೂ ಯೋಚಿಸಲಿಲ್ಲ. 70 ದಾಟಿದವರಿಗೆಲ್ಲ, ವರಮಾನ ಎಷ್ಟೇ ಇರಲಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಯನ್ನು ಕೇಂದ್ರ ಸರಕಾರ 2024ರಲ್ಲಿ ಆಯುಷ್ಮಾನ್ ಭಾರತ್ ಯೋಜನೆಗೆ ಸೇರಿಸಿತು. ಒಳ್ಳೆಯ ಕೆಲಸ. ಆದರೆ ಮುರಿದ ಮೂಳೆಗೆ ಲಕ್ಷಗಟ್ಟಲೆ ಕೊಡಲು ಸಿದ್ಧವಾದ ಬೊಕ್ಕಸ, ಮೂಳೆ ಮುರಿಯದಂತೆ ಬಚ್ಚಲಿಗೊಂದು ಕಂಬಿ ಹಾಕಿಸಿಕೊಡು ಎಂದರೆ ಕಿವುಡಾಗುತ್ತದೆ. ವೃದ್ಧರ ವೈದ್ಯವನ್ನೇ ಕಲಿಸುವ ಸ್ನಾತಕೋತ್ತರ ಶಿಕ್ಷಣ ಮದರಾಸ್ ಮೆಡಿಕಲ್ ಕಾಲೇಜಿನಲ್ಲಿ 1996ರಲ್ಲೇ ಆರಂಭವಾಯಿತು. ಅದಾಗಿ ಇಷ್ಟು ವರ್ಷವಾದರೂ ನಮ್ಮ ಜಿಲ್ಲಾಕೇಂದ್ರದ ಮುದುಕರಿಗೆ ಅಂಥ ವೈದ್ಯರ ದರ್ಶನ ಅಪರೂಪವೇ.

ಈಗ ಆಕ್ಷೇಪಗಳು. “ಎಷ್ಟು ಹೇಳಿದರೂ ಅವರು ಕೇಳುವುದಿಲ್ಲ, ಬಿದ್ದರೂ ಹೇಳುವುದಿಲ್ಲ” ಎನ್ನುತ್ತಾರೆ ಮಕ್ಕಳು. ನಿಜ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರು ನಮ್ಮ ಹಿರಿಯರು. ಆದರೆ ಅವರು ಏಕೆ ಮುಚ್ಚಿಡುತ್ತಾರೆ? ಬಿದ್ದೆನೆಂದು ಹೇಳಿದ ಕ್ಷಣವೇ ಶಿಕ್ಷೆ ಜಾರಿಯಾಗುತ್ತದೆ: ನಾಳೆಯಿಂದ ಪಾರ್ಕು ಬೇಡ, ಪೇಟೆ ಬೇಡ, ತಾರಸಿ ಬೇಡ, ಸುಮ್ಮನೆ ಕೂತಿರಿ. ತಪ್ಪೊಪ್ಪಿಕೊಂಡವನಿಗೆ ಸೆರೆಮನೆ ಎಂದಾದರೆ ಒಪ್ಪಿಕೊಳ್ಳುವವರು ಯಾರು? ‘ಎಲ್ಲಿ ಬಿದ್ದಿರಿ, ಏನಾಯಿತು, ಆ ಜಾಗವನ್ನು ಸರಿಮಾಡೋಣ’ ಎಂದು ಕೇಳುವ ಮಗ ಮಗಳಿಗೆ ಅವರು ಖಂಡಿತ ಹೇಳುತ್ತಾರೆ.

ಊರುಗೋಲಿನ ವಿಷಯದಲ್ಲೂ ಹಾಗೆಯೇ. ಕೋಲು ಹಿಡಿದರೆ ಮುದುಕನೆಂದು ನಗುವರೆಂಬ ಸಂಕೋಚ. 1930ರಲ್ಲಿ ಗಾಂಧೀಜಿ ಅರವತ್ತು ದಾಟಿದ ವಯಸ್ಸಿನಲ್ಲಿ ಕೋಲೂರಿಕೊಂಡು ಸಾಬರಮತಿಯಿಂದ ದಂಡಿಯವರೆಗೆ 240 ಮೈಲಿ ನಡೆದರು. ಆ ಕೋಲನ್ನು ಕಂಡು ಯಾರೂ ನಗಲಿಲ್ಲ, ಸಾಮ್ರಾಜ್ಯವಂತೂ ನಗಲಿಲ್ಲ. ಕೋಲು ನಡೆಯಲಾರದವರ ಗುರುತಲ್ಲ, ನಡೆಯುತ್ತೇನೆಂದು ಹಟ ಹಿಡಿದವರ ಗುರುತು.

“ಇದೆಲ್ಲ ಮಾಡಿದರೂ ಬೀಳುವವರು ಬೀಳುತ್ತಾರೆ” ಎಂಬುದು ಇನ್ನೊಂದು ಆಕ್ಷೇಪ. ಒಪ್ಪಿದೆ. ಶೇಕಡ 23 ಎಂದರೆ ನೂರಕ್ಕೆ ನೂರಲ್ಲ. ಬಿದ್ದಾರೆಂಬ ಶಂಕೆಯಿರುವವರನ್ನು ಗುರುತಿಸಿ ಚಿಕಿತ್ಸೆಗೆ ಏರ್ಪಾಡು ಮಾಡಿದ ಎರಡು ದೊಡ್ಡ ಪ್ರಯೋಗಗಳ ಫಲ 2020ರಲ್ಲಿ ಹೊರಬಂತು. ಒಂದು ಅಮೆರಿಕದ್ದು, ಒಂದು ಬ್ರಿಟನ್ನಿನದು. ನಿರೀಕ್ಷಿಸಿದಷ್ಟು ಗುಣ ಎರಡರಲ್ಲಿಯೂ ಕಾಣಲಿಲ್ಲ. ಇದರಿಂದ ನಾನು ಕಲಿಯುವ ಪಾಠ, ಏನೂ ಮಾಡಬಾರದೆಂಬುದಲ್ಲ. ವರ್ಷಕ್ಕೊಮ್ಮೆ ಒಂದು ತಪಾಸಣೆ ಮಾಡಿಸಿ, ಕೈಗೊಂದು ಸಲಹೆಯ ಚೀಟಿ ಕೊಟ್ಟು ಕೈತೊಳೆದುಕೊಂಡರೆ ಆಗದು. ನೆಲ, ಮೆಟ್ಟಿಲು, ಮಾತ್ರೆ, ಕಣ್ಣು, ಕಾಲು ಎಲ್ಲವನ್ನೂ ದಿನದಿನವೂ ನೋಡಿಕೊಳ್ಳಬೇಕಾದ ಸಂಸಾರದ ಕೆಲಸ ಇದು ಎಂಬುದು. ಒಬ್ಬ ತಂದೆ, ಒಬ್ಬ ತಾಯಿ ಬೀಳದೆ ಉಳಿಯುವುದು ಸಾಧ್ಯವಿದ್ದರೂ ಆ ಲಾಭ ಸಣ್ಣದೆಂದು ತಳ್ಳಿಹಾಕುವವರು, ಆ ಒಬ್ಬರು ತಮ್ಮ ಮನೆಯವರಾಗಿರಲಾರರೆಂದು ಯಾವ ಧೈರ್ಯದಿಂದ ಹೇಳುತ್ತಾರೆ?

ನಮ್ಮ ಮಕ್ಕಳು ನಡೆಯಲು ಕಲಿಯುವಾಗ ಎಷ್ಟು ಸಲ ಬಿದ್ದರೆಂಬುದನ್ನು ಯಾರೂ ಲೆಕ್ಕ ಇಡುವುದಿಲ್ಲ. ಬಿದ್ದಿತೆಂದು ಯಾರೂ ಮಗುವನ್ನು ತೊಟ್ಟಿಲಿಗೆ ಕಟ್ಟಿಹಾಕಲಿಲ್ಲ. ಚೂಪು ಮೂಲೆಯ ಮೇಜನ್ನು ಪಕ್ಕಕ್ಕೆ ಸರಿಸಿದೆವು, ಕೈ ನೀಡಿದೆವು, ನಡೆವ ಗಾಡಿ ತಂದೆವು. ಮಗುವಿಗೆ ಮನೆಯನ್ನೇ ಹೊಂದಿಸಿದ ನಾವು ಮುದುಕರನ್ನು ಮನೆಗೆ ಹೊಂದಿಸಲು ಹೊರಟಿದ್ದೇವೆ. ಮಗು ಮುಂದೆ ಸಂಪಾದಿಸುತ್ತದೆ, ಮುದುಕರು ಸಂಪಾದಿಸಿ ಮುಗಿಸಿದ್ದಾರೆ ಎಂಬುದಲ್ಲದೆ ಈ ಭೇದಕ್ಕೆ ಬೇರೆ ಕಾರಣ ನನಗೆ ತೋಚುವುದಿಲ್ಲ. ತೋಚಿದವರು ತಿಳಿಸಲಿ. ಅಲ್ಲಿಯವರೆಗೆ, ‘ಸುಮ್ಮನೆ ಕೂತಿರಿ’ ಎಂದು ಬಾಯಿ ತೆರೆಯುವ ಮೊದಲು ಒಮ್ಮೆ ಎದ್ದು ಹೋಗಿ, ಚಪ್ಪಲಿ ಬಿಟ್ಟು, ದೀಪ ಆರಿಸಿ, ತಮ್ಮ ಮನೆಯ ಬಚ್ಚಲ ಒದ್ದೆ ನೆಲದ ಮೇಲೆ ನಿಂತು ನೋಡಲಿ.